ಮೊಣಕಾಲ ಮೇಲಿನ ಅಂಗೈ

ತ್ರೆಸ್ ಆಲಮೋಸ್
ಬುಧವಾರ, ಮಧ್ಯಾಹ್ನದ ಊಟದ ನಂತರ

ಪ್ರೀತಿಯ ದಡಿಯ,

ನಿನಗೆ ಫೋನು ಮಾಡುವುದೂ ಒಂದೇ, ಗೋಡೆಯ ಹತ್ತಿರ ಮಾತಾಡುವುದೂ ಒಂದೇ. ಮೊಬೈಲಿನಲ್ಲಿ ಬರೆದು ಕಳಿಸೋಣವೆಂದರೆ, ನಾನು ಎಷ್ಟೇ ಉದ್ದ ಬರೆದರೂ ನಿನ್ನಿಂದ ವಾಪಸು ಬರುವುದು ಒಂದು ಹೆಬ್ಬೆರಳಿನ ಚಿತ್ರ. ಹೋದ ಚಳಿಗಾಲದಲ್ಲಿ ನಮ್ಮ ಅತ್ತೆ, ನೆಲಿದಾಳ ಅಮ್ಮ, ತೀರಿಕೊಂಡರು ಅಂತ ತಿಳಿಸಿದಾಗಲೂ ಅದೇ ಹೆಬ್ಬೆರಳು ಕಳಿಸಿದ್ದೆ. ನೆಲಿದಾ ಅದನ್ನು ಇನ್ನೂ ಮರೆತಿಲ್ಲ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ನಾಡಿದ್ದು ನಿನ್ನ ಮಗಳು ಮಿಕಾಯೆಲಾ ನಿನ್ನ ಹತ್ತಿರ ನೆಕೊಚೆಯಾಕ್ಕೆ ಬರುತ್ತಾಳಲ್ಲ, ಅವಳ ಕೈಗೇ ಕೊಟ್ಟು ಕಳಿಸುತ್ತೇನೆ. ಪೂರ್ತಿ ಓದುವ ತನಕ ಗಾಳ ಮುಟ್ಟಬೇಡ. ಸಮುದ್ರ ಎಲ್ಲಿಗೂ ಹೋಗುವುದಿಲ್ಲ.

ಭಾನುವಾರ ನಮ್ಮೂರಿನ ಟ್ರ್ಯಾಕಿನಲ್ಲೇ ವರ್ಷದ ಕೊನೆಯ ಕಾರು ರೇಸು. ಗೆದ್ದರೆ ನಾಲ್ಕನೇ ಸಲ ಚಾಂಪಿಯನ್, ಅದೂ ಐವತ್ತೆರಡನೇ ವಯಸ್ಸಿನಲ್ಲಿ, ಹುಟ್ಟಿದ ಊರಿನಲ್ಲಿ. ನಮ್ಮ ಅಭಿಮಾನಿ ಬಳಗದ ಯಜಮಾನ, ಕಟುಕ ಡಾನ್ ಕೋಸ್ಮೆ, ಅಂಗಡಿಯ ಮುಂದೆ ಈಗಲೇ ದೊಡ್ಡ ಬಾವುಟ ಕಟ್ಟಿದ್ದಾನೆ. ಅದರ ಮೇಲೆ ನನ್ನ ಮುಖ ಬರೆಸಿದ್ದಾನೆ. ಬರೆದವನು ಯಾರೋ, ಮೂಗು ಮಾತ್ರ ನಿನ್ನದರ ಹಾಗೆ ಬಂದಿದೆ. ಬ್ರೆಡ್ಡು ತರಲು ಹೋದರೂ, ಕ್ಷೌರಕ್ಕೆ ಹೋದರೂ ಜನ ಕೇಳುವುದು ಒಂದೇ, ಗೆಲ್ಲುತ್ತೀಯಾ ಅಂತ. ಓಡಿಸುತ್ತೀಯಾ ಅಂತ ಯಾರೂ ಕೇಳಿಲ್ಲ. ನಾನು ನನ್ನನ್ನೇ ಕೇಳಿಕೊಳ್ಳುತ್ತಿದ್ದದ್ದು ಅದನ್ನು, ಈ ಮೂರು ವಾರವೂ.

ಮೂರು ವಾರದ ಹಿಂದಿನ ರೇಸನ್ನು ನೀನು ಟೀವಿಯಲ್ಲಿ ನೋಡಿರುತ್ತೀ. ಟೀವಿಯಲ್ಲಿ ಕಾಣದ್ದನ್ನು ಹೇಳುತ್ತೇನೆ.

ಆ ಟ್ರ್ಯಾಕಿನ ಗೂಬೆ ತಿರುವು ಗೊತ್ತಲ್ಲ, ಹಾಡುಹಗಲಲ್ಲೂ ಬೇಲಿಕಂಬದ ಮೇಲೆ ಗೂಬೆಗಳು ಕೂತು ನಮ್ಮನ್ನು ನೋಡುವ ಜಾಗ. ಮಿಕ್ಕವರೆಲ್ಲ ಅಲ್ಲಿ ಒಂದು ಕ್ಷಣ ಆಕ್ಸಿಲರೇಟರಿನಿಂದ ಕಾಲು ಎತ್ತುತ್ತಾರೆ. ನೀನು ನನ್ನ ಪಕ್ಕದ ಸೀಟಿನಲ್ಲಿದ್ದಾಗ ನಾವು ಎತ್ತುತ್ತಿರಲಿಲ್ಲ, ಆಮೇಲೆ ನಾನೊಬ್ಬನೇ ಆದಾಗಲೂ ಎತ್ತಲಿಲ್ಲ. ನನಗೆ ಹೆಸರು ಬಂದದ್ದೇ ಆ ತಿರುವಿನಿಂದ. ಈ ಸಲ ಅದೇ ತಿರುವಿಗೆ ನುಗ್ಗುವಾಗ ನನ್ನ ಬಲಮೊಣಕಾಲ ಮೇಲೆ ನಿನ್ನ ಅಂಗೈ ಒತ್ತಿತು. ನಗಬೇಡ. ಭಾರವಾಗಿ, ಬೆಚ್ಚಗೆ, ಹೆಬ್ಬೆರಳು ಒಳಗಡೆಗೆ, ನೀನು ಯಾವಾಗಲೂ ಒತ್ತುತ್ತಿದ್ದ ಹಾಗೆಯೇ ಒತ್ತಿತು. ನಾನು ಯೋಚಿಸುವ ಮೊದಲೇ ಕಾಲು ಎದ್ದಿತ್ತು. ಓರೆಗಣ್ಣಿನಿಂದ ಬಲಗಡೆ ನೋಡಿದೆ. ನೀನೂ ಇರಲಿಲ್ಲ, ನಿನ್ನ ಸೀಟೂ ಇರಲಿಲ್ಲ. ಸೀಟಿನ ಬೋಲ್ಟು ಕಳಚಿದ ತೂತುಗಳು ಮಾತ್ರ ಇದ್ದವು. ಅವು ಅಲ್ಲಿ ಎಷ್ಟೋ ವರ್ಷದಿಂದ ಹಾಗೇ ಇವೆ.

ಮುಂದೆ ದಾರಿ ಖಾಲಿಯಾಗಿತ್ತು. ಹಸು ಇಲ್ಲ, ಹೊಗೆ ಇಲ್ಲ, ಯಾರೂ ಅಡ್ಡ ಬಿದ್ದಿರಲಿಲ್ಲ. ಇದ್ದವನು ಹಿಂದೆ, ಲಿಸಾಂದ್ರೊ. ಇನ್ನೂ ಇಪ್ಪತ್ತೆರಡರವನು, ಧೈರ್ಯಸ್ಥ. ನನ್ನ ಹಿಂದಿನ ಬಂಪರಿಗೆ ಮೂಗು ಅಂಟಿಸಿಕೊಂಡು ಬರುತ್ತಿದ್ದ. ಈ ಅಮಾದೇವೊ ಗೂಬೆ ತಿರುವಿನಲ್ಲಿ ಕಾಲು ಎತ್ತುವವನಲ್ಲ ಎಂಬ ಒಂದೇ ನಂಬಿಕೆಯ ಮೇಲೆ ಅಷ್ಟು ಹತ್ತಿರ ಬಂದಿದ್ದ. ನನಗೆ ಗುದ್ದಬಾರದೆಂದು ಸ್ಟಿಯರಿಂಗ್ ಎಳೆದ. ಕಾರು ಹುಲ್ಲಿಗೆ ಇಳಿದು, ಗಿರಕಿ ಹೊಡೆದು, ಟೈರಿನ ಗೋಡೆಗೆ ಬಡಿಯಿತು. ಅವನು ಬಾಗಿಲು ಒದ್ದು ತಾನಾಗಿ ಹೊರಗೆ ಬಂದು ನಿಂತಿದ್ದು ನನಗೆ ಕಂಡದ್ದು ಇನ್ನೊಂದು ಸುತ್ತು ಬಂದ ಮೇಲೆಯೇ. ಆ ಸುತ್ತನ್ನು ಹೇಗೆ ಓಡಿಸಿದೆನೋ ನೆನಪಿಲ್ಲ.

ರೇಸು ಮುಗಿದ ಮೇಲೆ ಅವನೇ ನನ್ನನ್ನು ಹುಡುಕಿಕೊಂಡು ಬಂದ. ಕಂಕುಳಲ್ಲಿ ಹೆಲ್ಮೆಟ್, ಕೂದಲಲ್ಲಿ ಹುಲ್ಲು. ಬೈಯಲಿಕ್ಕೆ ಬರುತ್ತಿದ್ದಾನೆ ಎಂದುಕೊಂಡೆ. ಬೈಸಿಕೊಳ್ಳೋಣ ಎಂದು ನಿಂತೆ.

"ಕ್ಷಮಿಸಿ ಯಜಮಾನ್ರೇ, ನಂದೇ ತಪ್ಪು. ತೀರಾ ಹತ್ರ ಬಂದ್ಬಿಟ್ಟೆ," ಅಂದ.

"ನಿಂದಲ್ಲ ಕಣಪ್ಪಾ. ನಾನು ಕಾಲು ಎತ್ತಿದೆ," ಅಂದೆ.

ನಕ್ಕೇಬಿಟ್ಟ. "ನೀವು? ಗೂಬೆ ತಿರುವಲ್ಲಿ? ಬಿಡಿ ಯಜಮಾನ್ರೇ, ನನ್ನ ಸಮಾಧಾನಕ್ಕೆ ಹೇಳ್ತಿದ್ದೀರ."

ಆಣೆ ಹಾಕಿದರೂ ನಂಬಲಿಲ್ಲ. ನನ್ನ ಭುಜ ತಟ್ಟಿ, ಅವನೇ ನನಗೆ ಸಮಾಧಾನ ಹೇಳಿ ಹೋದ. ದಡಿಯ, ನಾನು ಎಷ್ಟೋ ಸಲ ಸೋತಿದ್ದೇನೆ, ಪಕ್ಕೆಲುಬು ಮುರಿದುಕೊಂಡಿದ್ದೇನೆ. ಯಾವತ್ತೂ ಅವತ್ತಿನಷ್ಟು ನಾಚಿಕೆಯಾಗಿರಲಿಲ್ಲ. ನನ್ನಿಂದ ಸಾಯಬೇಕಾಗಿದ್ದವನು ನನ್ನ ಹತ್ತಿರ ಕ್ಷಮೆ ಕೇಳಿದ.

ಪಿಟ್ಟಿನಲ್ಲಿ ಮೆಕ್ಯಾನಿಕ್ ತುಲಿಯೊ ಆಗಲೇ ಬಾನೆಟ್ ಎತ್ತಿ ತಲೆ ಒಳಗೆ ಹಾಕಿದ್ದ. ಪೆಟ್ರೋಲು ಸರಿಯಾಗಿ ಬಂದಿಲ್ಲ, ಪಂಪು ಕೆಮ್ಮಿದೆ ಅಂತ ಅವನ ತೀರ್ಮಾನ. ಮಿಕಾಯೆಲಾ ಕಂಪ್ಯೂಟರಿನ ಮುಂದೆ ಕೂತಿದ್ದಳು. ನಾನು ಕಾಲನ್ನು ಎಲ್ಲಿ ಎಷ್ಟು ಒತ್ತಿದೆ, ಎಲ್ಲಿ ಬಿಟ್ಟೆ, ಎಲ್ಲ ಅವಳ ಪರದೆಯ ಮೇಲೆ ಗೆರೆಯಾಗಿ ಬಿದ್ದಿರುತ್ತದೆ. ಒಂದು ಗೆರೆಯ ಮೇಲೆ ಬೆರಳಿಟ್ಟಳು. ಆಮೇಲೆ ತುಲಿಯೊಗೆ ಕೇಳಿಸದ ಹಾಗೆ, "ಕಡ್ಡಿ ಮಾಮ, ಇದು ಪಂಪಲ್ಲ. ಕಾಲು," ಅಂದಳು.

"ಹೌದು ಮಗಳೇ. ನಿಮ್ಮಪ್ಪ ಮೊಣಕಾಲು ಒತ್ತಿದ," ಅಂದೆ.

ನಗುತ್ತಾಳೆ ಅಂದುಕೊಂಡಿದ್ದೆ. ಅವಳು ನಗಲಿಲ್ಲ. "ಮೊದಲನೇ ಸಲಾನಾ?" ಅಂತ ಕೇಳಿದಳು. ನಾನು ಉತ್ತರ ಕೊಡಲಿಲ್ಲ. ನಿನಗೆ ಕೊಡುತ್ತೇನೆ. ಮೊದಲನೇ ಸಲ ಅಲ್ಲ. ಈ ವರ್ಷವೆಲ್ಲ ಅಲ್ಲೊಮ್ಮೆ ಇಲ್ಲೊಮ್ಮೆ ತಟ್ಟುತ್ತಿದ್ದೆ ನೀನು. ಪೂರ್ತಿ ಅಂಗೈ ಒತ್ತಿದ್ದು ಮಾತ್ರ ಅವತ್ತೇ.

ನಿನ್ನ ಕೈ ನನಗೆ ಹೇಗೆ ಅಭ್ಯಾಸವಾಯಿತು ಅಂತ ಈಗಿನವರಿಗೆ ಹೇಳಿದರೆ ತಿಳಿಯುವುದಿಲ್ಲ. ಎಡಗಡೆ ಓಡಿಸುವವನು, ಬಲಗಡೆ ಜೊತೆಗಾರ, ಇಬ್ಬರೂ ಕೂತರೇ ನಮ್ಮ ಕಾಲದಲ್ಲಿ ರೇಸು ಅನ್ನುತ್ತಿದ್ದರು. ಆ ಸದ್ದಿನಲ್ಲಿ ಕೂಗಿದರೆ ಕೂಗಿದವನಿಗೇ ಕೇಳಿಸದು. ಅದಕ್ಕೆ ನೀನು ಕೈಯಲ್ಲಿ ಮಾತಾಡಿದೆ. ಒಂದು ತಟ್ಟು ಅಂದರೆ ಬಲಗಡೆಯಿಂದ ಯಾರೋ ಬರುತ್ತಿದ್ದಾರೆ. ಎರಡು ತಟ್ಟು ಅಂದರೆ ಅವನು ಹಿಂದೆ ಬಿದ್ದ, ನೀನು ಹೋಗು. ಅಂಗೈ ಪೂರ್ತಿ ಒತ್ತಿದರೆ ಕಾಲು ತೆಗೆ. ಯಾಕೆ, ಏನು, ಎಲ್ಲಿ ಅಂತ ಕೇಳುವ ಹಾಗಿಲ್ಲ. ಕೇಳುವುದೆಲ್ಲ ಆಮೇಲೆ, ಕೆಂಡದ ಮೇಲೆ ಮಾಂಸ ಬೇಯುವಾಗ. ನಿನ್ನ ಕೈಯಲ್ಲಿ ಸ್ಟಿಯರಿಂಗ್ ಇರಲಿಲ್ಲ, ಕಾಲಡಿ ಬ್ರೇಕ್ ಇರಲಿಲ್ಲ. ಇದ್ದದ್ದು ನನ್ನ ಮೊಣಕಾಲು ಒಂದೇ. ಅದನ್ನೇ ನಂಬಿಕೊಂಡು ಹದಿನಾಲ್ಕು ವರ್ಷ ಕೂತೆ. ನಿನ್ನ ತೂಕದಿಂದಲೇ ಕಾರು ನಿಧಾನ ಅಂತ ಎದುರಿನವರು ಛೇಡಿಸಿದರೆ, "ಬಲ ತಿರುವಲ್ಲಿ ಚಕ್ರ ನೆಲ ಬಿಡಬಾರ್ದು ಅಂತ್ಲೇ ನನ್ನ ಕೂರ್ಸಿರೋದು. ಕಡ್ಡಿ ಒಬ್ನೇ ಕೂತ್ರೆ ಗಾಳಿಗೆ ಹಾರಿ ಹೋಗ್ತಾನೆ," ಅನ್ನುತ್ತಿದ್ದೆ ನೀನು. ಈಗ ನನಗೂ ಹೊಟ್ಟೆ ಬಂದಿದೆ, ಆದರೂ ಊರಿಗೆಲ್ಲ ನಾನು ಕಡ್ಡಿಯೇ. ಅದಕ್ಕೂ ನೀನೇ ಕಾರಣ.

ಮಣ್ಣಿನ ಅಂಚಿನ ಆ ಹಳೇ ರಸ್ತೆಯ ರೇಸು ಈ ಮೂರು ವಾರದಲ್ಲಿ ಬಹಳ ಸಲ ನೆನಪಾಗಿದೆ. ಎದುರಿಗೆ ದಿಬ್ಬ. ದಿಬ್ಬದ ಆಚೆ ಏನೂ ಕಾಣುತ್ತಿರಲಿಲ್ಲ. ನಾನು ಕಾಲು ನೆಲಕ್ಕೆ ಒತ್ತಿ ಹತ್ತುತ್ತಿದ್ದೆ, ನೀನು ಅಂಗೈ ಒತ್ತಿದೆ. ನಾನು ಕಾಲು ಎತ್ತಿದೆ, ಬೈದುಕೊಂಡೇ ಎತ್ತಿದೆ. ದಿಬ್ಬ ದಾಟಿದರೆ ರಸ್ತೆಯ ನಡುವೆ ಮಗುಚಿದ ಕಾರು, ಅದನ್ನು ತಳ್ಳುತ್ತಿರುವ ಜನ, ಹೆಂಗಸರು ಸಹ. ಅವರಿಂದ ಎರಡು ಮಾರು ಈಚೆಗೆ ನಮ್ಮ ಕಾರು ನಿಂತಿತು. ಅವತ್ತು ಸಂಜೆ ಮಾಂಸ ತಿನ್ನುವಾಗ ಕೇಳಿದೆ, ದಿಬ್ಬದ ಆಚೆ ಇರುವುದು ನಿನಗೆ ಹೇಗೆ ಕಾಣಿಸಿತು ಅಂತ. ನೀನು ಮೂಳೆ ಚೀಪುತ್ತ ಹೇಳಿದ್ದು ಹೀಗೆ:

"ನಂಗೇನ್ ಕಾಣ್ಸುತ್ತೆ, ದೇವ್ರಾ ನಾನು? ದಿಬ್ಬದ ಮೇಲೆ ನಿಂತಿದ್ದ ಜನ ನಮ್ ಕಡೆ ನೋಡ್ತಿರ್ಲಿಲ್ಲ. ಅಷ್ಟೇ. ರೇಸ್ ನೋಡಕ್ಕೆ ಬಂದೋರು ನಮ್ಮನ್ನ ಬಿಟ್ಟು ಆ ಕಡೆ ಕತ್ತು ತಿರುಗ್ಸಿದ್ರೆ, ಆ ಕಡೆ ಏನೋ ಕೆಟ್ಟದ್ದು ಇದೆ ಅಂತ್ಲೇ ಕಣೋ ಕಡ್ಡಿ."

ಆಮೇಲೆ ಒಂದು ವರ್ಷ ನಿಯಮ ಬದಲಾಯಿತು. ಒಂದು ಕಾರಿನಲ್ಲಿ ಎರಡು ಜೀವ ಯಾಕೆ ಅಪಾಯಕ್ಕೆ ಒಡ್ಡಬೇಕು ಅಂದರು, ಅದೂ ನ್ಯಾಯವೇ. ಆಗಲೇ ನಿನ್ನ ಕಿವಿಯೂ ಹೋಗಿತ್ತು. ನಿನ್ನ ಸೀಟನ್ನು ನೀನೇ ಬಿಚ್ಚಿದೆ, ಒಂದೊಂದೇ ಬೋಲ್ಟು, ಯಾರಿಗೂ ಮುಟ್ಟಗೊಡಲಿಲ್ಲ. ಹೆಗಲ ಮೇಲೆ ಹೊತ್ತುಕೊಂಡು ಹೋದೆ. ಈಗ ಅದನ್ನು ಕಡಲ ಕಟ್ಟೆಯ ಮೇಲೆ ಹಾಕಿಕೊಂಡು, ಬೆಲ್ಟು ಸಮೇತ, ಮೀನು ಹಿಡಿಯುತ್ತೀಯಂತೆ. ಮಿಕಾಯೆಲಾ ಫೋಟೊ ತೋರಿಸಿದಾಗ ನಗು ಬಂತು. ಆಮೇಲೆ ಅಳುವೂ ಬಂತು. ಒಳಕ್ಕೆ ಹೋಗಿ ಮುಖ ತೊಳೆದುಕೊಂಡೆ.

ಹೋದ ಭಾನುವಾರ ಕೋಸ್ಮೆ ಬಳಗದವರಿಗೆಲ್ಲ ಊಟ ಹಾಕಿಸಿದ. ಚೋರಿಸೊ ಸಾಸೇಜು, ಪಕ್ಕೆಲುಬು, ಕೆಂಪು ವೈನು. ಯಾವಾಗಲೂ ನಮ್ಮ ಶೆವ್ರಲೆ ಕಾರಿನ ಎದುರು ನಿಲ್ಲುವ ಫೋರ್ಡಿನ ಮನೆಯವರೂ ಬಂದಿದ್ದರು ಅಂದರೆ ನೀನೇ ಯೋಚಿಸು. ನಮ್ಮೂರಲ್ಲಿ ಹೆಣ್ಣು ಕೇಳುವ ಮೊದಲು ಫೋರ್ಡೋ ಶೆವ್ರಲೆಯೋ ಅಂತ ಕೇಳುವವರು, ಅವತ್ತು ಒಂದೇ ಮೇಜಿನಲ್ಲಿ ಕೂತು ಶೆವ್ರಲೆಯವನ ಮಾಂಸ ತಿಂದರು. ಕೋಸ್ಮೆ ಬೆಂಚಿನ ಮೇಲೆ ಹತ್ತಿ ಲೋಟ ಎತ್ತಿ, "ನಾಲ್ಕನೇದಕ್ಕೆ!" ಅಂದ. ಎಲ್ಲರೂ ಎದ್ದು ಚಪ್ಪಾಳೆ ಹೊಡೆದರು. ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ನಗುತ್ತ ನನ್ನವರ ಕಡೆ ತಿರುಗಿದೆ. ನೆಲಿದಾ ಕೆಂಡ ನೋಡುತ್ತಿದ್ದಳು. ಮಿಕಾಯೆಲಾ ತಟ್ಟೆ ನೋಡುತ್ತಿದ್ದಳು. ತುಲಿಯೊ, ಪಂಪು ಪಂಪು ಅಂತ ಸಾಧಿಸಿದ ತುಲಿಯೊ, ಬಗ್ಗಿ ಕೋಸ್ಮೆಯ ನಾಯಿಯ ಕಿವಿ ಕೆರೆಯುತ್ತಿದ್ದ. ಮೂವರೂ ಚಪ್ಪಾಳೆ ಹೊಡೆಯುತ್ತಿದ್ದವರೇ, ಆದರೆ ಒಬ್ಬರೂ ನನ್ನ ಕಡೆ ನೋಡುತ್ತಿರಲಿಲ್ಲ.

ಆಗ ನೀನು ಮೂಳೆ ಚೀಪುವ ಸದ್ದು ಕಿವಿಯಲ್ಲಿ ಕೇಳಿದ ಹಾಗಾಯಿತು. ಕೈಯಲ್ಲಿದ್ದ ಲೋಟ ಕೆಳಗಿಟ್ಟೆ.

ಹಾಗಂತ ತಕ್ಷಣ ಬುದ್ಧಿ ಬಂತು ಎಂದುಕೊಳ್ಳಬೇಡ. ನಾನು ಅಷ್ಟು ಒಳ್ಳೆಯವನಲ್ಲ. ಸೋಮವಾರವೆಲ್ಲ ನನ್ನ ಜೊತೆ ನಾನೇ ಚೌಕಾಸಿ ಮಾಡಿದೆ. ಇದೊಂದು ಭಾನುವಾರ ತಾನೇ. ಹಿಂದೆ ಯಾರೂ ಹತ್ತಿರ ಬರದ ಹಾಗೆ ಮುಂದೆ ಹೋಗಿಬಿಟ್ಟರಾಯಿತು. ನಮ್ಮೂರಿನ ಟ್ರ್ಯಾಕಿನಲ್ಲಿ ಗೂಬೆ ತಿರುವೇ ಇಲ್ಲ. ಕೈ ಒತ್ತಿದರೂ ಎತ್ತುವುದಿಲ್ಲ ಅಂತ ಗಟ್ಟಿ ಮನಸ್ಸು ಮಾಡಿಕೊಂಡರೆ ಮುಗಿಯಿತು. ಈ ಕೊನೆಯದರ ಹತ್ತಿರ ಮಾತ್ರ ಚೌಕಾಸಿ ನಿಂತಿತು. ನಿನ್ನ ಕೈ ಒತ್ತಿದಾಗ ಕಾಲು ಎತ್ತದ ಅಮಾದೇವೊ ಯಾರು? ಅವನ ಪಕ್ಕದಲ್ಲಿ ನೀನು ಕೂರುತ್ತಿದ್ದೆಯಾ?

ನೆಲಿದಾಳನ್ನು ಕೇಳಿದೆ. ಅವಳು ಮಾಟೆ ಕಷಾಯದ ಸೋರೆಬುರುಡೆಗೆ ಬಿಸಿನೀರು ಹೊಯ್ಯುತ್ತಿದ್ದಳು. "ನಿಲ್ಸು ಅಂತ ನನ್ನ ಬಾಯಿಂದ ಬರಲ್ಲ," ಅಂದಳು. "ಬಂದ್ರೆ ಸಾಯೋ ತನಕ ಕೈತಪ್ಪಿದ ಆ ನಾಲ್ಕನೇ ಟ್ರೋಫೀನ ನನ್ನ ತಲೆ ಮೇಲೇ ಹೊರಿಸ್ತೀಯ. ಓಡ್ಸು ಅಂತಾನೂ ಬರಲ್ಲ. ಅದ್ಯಾಕೆ ಅಂತ ನಿಂಗೇ ಗೊತ್ತು." ಮೊದಲು ನನ್ನ ಕೈಗೆ ಕೊಟ್ಟಳು, ನಾನು ಕುಡಿದು ವಾಪಸು ಕೊಟ್ಟೆ, ಅವಳು ಮತ್ತೆ ನೀರು ಹೊಯ್ದಳು. ಇಷ್ಟು ವರ್ಷ ರೇಡಿಯೊ ಆರಿಸಿ, ಅಂಗಳದಲ್ಲಿ ಬಟ್ಟೆ ಒಗೆಯುತ್ತ, ಯಾರಾದರೂ ಬಂದು ಹೇಳುವ ತನಕ ಕಾದವಳು ಅವಳು. ನಾನು ಗೆದ್ದದ್ದನ್ನೂ ಅವಳು ಪಕ್ಕದ ಮನೆಯವರ ಬಾಯಿಂದಲೇ ಕೇಳಿದ್ದು.

ಪತ್ರಿಕೆಯವರು ಪ್ರತಿ ವರ್ಷ ಕೇಳುತ್ತಿದ್ದರು, ಯಾವಾಗ ನಿಲ್ಲಿಸುತ್ತೀರಿ ಅಂತ. ಕಾಲು ಹೇಳಿದಾಗ ಅನ್ನುತ್ತಿದ್ದೆ, ದೊಡ್ಡ ಮನುಷ್ಯನ ಹಾಗೆ. ಕಾಲು ಸೋತಾಗ ತಿಳಿಯುತ್ತದೆ, ಕೈ ನಡುಗಿದಾಗ ತಿಳಿಯುತ್ತದೆ ಎಂದು ನಂಬಿದ್ದೆ. ನನ್ನ ಕಾಲು ಸೋತಿಲ್ಲ, ದಡಿಯ. ಕಣ್ಣು ಸರಿಯಿದೆ. ಈಗಲೂ ಲಿಸಾಂದ್ರೊನಂಥವರನ್ನು ಹಿಂದೆ ಹಾಕುವ ಶಕ್ತಿ ಇದೆ. ಆದರೆ ಇಷ್ಟು ವರ್ಷ ನಾನು ಧೈರ್ಯ ಅಂದುಕೊಂಡದ್ದರಲ್ಲಿ ಅರ್ಧ ನಿನ್ನದಾಗಿತ್ತು. ನಿನ್ನ ಕೈ ಒತ್ತಿಲ್ಲವಲ್ಲ, ಹಾಗಾದರೆ ಪರವಾಗಿಲ್ಲ ಅಂತ ನಾನು ನುಗ್ಗುತ್ತಿದ್ದೆ. ನೀನು ಇಳಿದು ಹೋದ ಮೇಲೂ ಅದೇ ಲೆಕ್ಕದಲ್ಲಿ ನುಗ್ಗಿದೆ. ಈಗ ನನ್ನ ಮೈಯೇ ನಿನ್ನ ಕೆಲಸವನ್ನೂ ಮಾಡಲು ಶುರುಮಾಡಿದೆ. ಅದು ಒತ್ತುವುದು ನನ್ನ ಒಳ್ಳೆಯದಕ್ಕೇ ಇರಬಹುದು. ಆದರೆ ಹಿಂದೆ ಬರುವ ಹುಡುಗರಿಗೆ ಅದು ಕಾಣುವುದಿಲ್ಲ.

ನಿನ್ನೆ ಬೆಳಿಗ್ಗೆ ರೇಸಿನವರಿಗೆ ಫೋನು ಮಾಡಿ, ಭಾನುವಾರ ನಾನು ಓಡಿಸುವುದಿಲ್ಲ ಎಂದೆ. ಅಲ್ಲಿಂದ ನೇರ ಕೋಸ್ಮೆಯ ಅಂಗಡಿಗೆ ಹೋದೆ, ಬೇರೆಯವರ ಬಾಯಿಂದ ಅವನಿಗೆ ಗೊತ್ತಾಗಬಾರದೆಂದು. ಕತ್ತಿ ಮೇಲಕ್ಕೆ ಎತ್ತಿದವನು ಹಾಗೇ ನಿಂತ.

"ಒಂದೇ ಒಂದು ಭಾನುವಾರ ಕಣೋ! ಊರಿಗೂರೇ ಕಾಯ್ತಾ ಇದೆ! ಒಂದು ಭಾನುವಾರ ಓಡ್ಸಿದ್ರೆ ಸತ್ತು ಹೋಗ್ತೀಯಾ?"

"ನಾನಲ್ಲ," ಅಂದೆ.

ಅವನು ಬಹಳ ಹೊತ್ತು ನನ್ನ ಮುಖ ನೋಡಿದ. ಅಂಗಡಿಯಲ್ಲಿ ಕಾಯುತ್ತಿದ್ದ ಹೆಂಗಸರೂ ನೋಡಿದರು. ಎಷ್ಟೋ ದಿನದ ಮೇಲೆ ಜನ ನನ್ನ ಕಡೆ ನೇರ ನೋಡುತ್ತಿದ್ದರು. ಕೋಸ್ಮೆ ಕತ್ತಿ ಇಳಿಸಿ, ಮೂಳೆ ತುಂಡರಿಸಿ, ಕಾಗದದಲ್ಲಿ ಸುತ್ತಿ ಹೆಂಗಸೊಬ್ಬಳ ಕೈಗೆ ಕೊಟ್ಟ. ಅವನ ಕಣ್ಣು ಒದ್ದೆಯಾಗಿತ್ತು. ಹೊರಗೆ ಬಂದು ಬಾವುಟ ಬಿಚ್ಚಲಿಕ್ಕೆ ಸ್ಟೂಲು ಹತ್ತಿದ. ಆಗ ಭಾನುವಾರ ಬೆಳಿಗ್ಗೆಗೆ ನಾನು ರೇಸಿನವರ ಹತ್ತಿರ ಕೇಳಿಕೊಂಡಿರುವ ವಿಷಯ ಹೇಳಿದೆ, ಅದೇನೆಂದು ನಿನಗೆ ಕೊನೆಯಲ್ಲಿ ಬರೆಯುತ್ತೇನೆ. ಸ್ಟೂಲಿನ ಮೇಲೇ ನಿಂತು ಯೋಚಿಸಿ, "ಹಾಗಾದ್ರೆ ಬಾವುಟ ಇರ್ಲಿ ಬಿಡು. ಹೇಗಿದ್ರೂ ಮೂಗು ದಡಿಯಂದೇ," ಅಂದ.

ಮನೆಗೆ ಬಂದು ನೆಲಿದಾಗೆ ಹೇಳಿದೆ. "ಸರಿ," ಅಂದಳು ಅಷ್ಟೇ. ಲೆಟ್ಯೂಸ್ ಸೊಪ್ಪು ತೊಳೆಯುತ್ತಿದ್ದವಳು ಅದೇ ಎಲೆಗಳನ್ನು ಮತ್ತೆ ಮತ್ತೆ ತೊಳೆಯುತ್ತಲೇ ಇದ್ದಳು. ನಾನು ಹೋಗಿ ನಲ್ಲಿ ನಿಲ್ಲಿಸಿದೆ.

ಭಯವಾಗುತ್ತಿದೆ, ದಡಿಯ. ನಿನ್ನ ಹತ್ತಿರ ಮುಚ್ಚಿಡುವುದೇನು. ಭಾನುವಾರ ಅಂದರೆ ಮಿಕ್ಕವರಿಗೆ ಏನೆಂದು ನನಗೆ ಗೊತ್ತೇ ಇಲ್ಲ. ಅವರು ಆ ದಿನ ಏನು ಮಾಡುತ್ತಾರೆ? ಮೊದಲ ವರ್ಷ ನೀನು ಹೇಗೆ ಕಳೆದೆ? ನಾನು ಆಗ ಒಮ್ಮೆಯೂ ಕೇಳಲಿಲ್ಲ, ಸುತ್ತುತ್ತಲೇ ಇದ್ದೆ. ಕಟ್ಟೆಯ ಮೇಲೆ ನಿನ್ನ ಪಕ್ಕ ಇನ್ನೊಂದು ಸೀಟು ಹಾಕಲು ಜಾಗ ಇದೆಯೋ ಇಲ್ಲವೋ ನೋಡಿಟ್ಟಿರು. ಗಾಳಕ್ಕೆ ಹುಳ ಚುಚ್ಚುವುದನ್ನು ಕಲಿಸುವಾಗ ಬೈಯಬೇಡ.

ಈಗ ಕೆಲಸದ ಮಾತು. ಶನಿವಾರ ಮಿಕಾಯೆಲಾಳ ಪಿಕಪ್ಪಿನಲ್ಲಿ ನೀನು ಬರಬೇಕು. ಬರುವಾಗ ಸೀಟು ತರಬೇಕು. ಉಪ್ಪುಗಾಳಿಗೆ ತುಕ್ಕು ಹಿಡಿದಿದ್ದರೆ ತುಲಿಯೊ ಉಜ್ಜಿ ಸರಿಮಾಡುತ್ತಾನೆ, ಬೋಲ್ಟು ಆಗಲೇ ಹುಡುಕಿ ಇಟ್ಟಿದ್ದಾನೆ. ಭಾನುವಾರ ರೇಸು ಶುರುವಾಗುವ ಮೊದಲು ನಮಗೆ ಒಂದು ಸುತ್ತು ಕೊಟ್ಟಿದ್ದಾರೆ. ಲಿಸಾಂದ್ರೊ ಮತ್ತು ಮಿಕ್ಕ ಹುಡುಗರು ಪಿಟ್ಟಿನ ಗೋಡೆಯ ಮೇಲೆ ನಿಂತು ನೋಡುತ್ತಾರೆ. ನಮ್ಮ ಹಿಂದೆ ಯಾರೂ ಇರುವುದಿಲ್ಲ.

ಎಡಗಡೆ ನೀನು ಕೂರು.

ಹೌದು, ಸರಿಯಾಗಿಯೇ ಓದಿದೆ. ಸ್ಟಿಯರಿಂಗ್ ನಿನ್ನದು. ಹೊಟ್ಟೆ ತಾಗಿದರೆ ಉಸಿರು ಎಳೆದುಕೊ. ಕೋಸ್ಮೆಯ ಮಾಂಸದ ವ್ಯಾನಿನ ವೇಗದಲ್ಲಿ ಓಡಿಸಿದರೂ ಸಾಕು, ಊರು ಕೂಗುತ್ತದೆ. ನಿನಗೆ ಕೇಳಿಸುವುದಿಲ್ಲ, ಅವರ ಬಾಯಿ ನೋಡಿ ತಿಳಿದುಕೊ. ನಿನ್ನ ಹಳೇ ಸೀಟಿನಲ್ಲಿ, ಬಲಗಡೆ, ನಾನು ಕೂರುತ್ತೇನೆ. ಕೈಯಲ್ಲಿ ಸ್ಟಿಯರಿಂಗ್ ಇಲ್ಲದೆ, ಕಾಲಡಿ ಬ್ರೇಕ್ ಇಲ್ಲದೆ, ಇನ್ನೊಬ್ಬನ ಮೊಣಕಾಲನ್ನು ನಂಬಿಕೊಂಡು ಕೂರುವುದು ಹೇಗಿರುತ್ತದೆ ಅಂತ ಒಂದು ಸುತ್ತಾದರೂ ನನಗೆ ತಿಳಿಯಬೇಕು. ಅದು ತಿಳಿಯದೆ ಈ ಕಾರಿನಿಂದ ಇಳಿದರೆ ನಾನು ಪೂರ್ತಿ ಓಡಿಸಿದ ಹಾಗಾಗುವುದಿಲ್ಲ.

ಕೊನೆಯ ನೇರ ದಾರಿಯಲ್ಲಿ, ನಮ್ಮ ಬಾವುಟ ಕಾಣುವ ಜಾಗದಲ್ಲಿ, ನಿನ್ನ ಮೊಣಕಾಲ ಮೇಲೆ ಅಂಗೈ ಒತ್ತುತ್ತೇನೆ. ಕಾಲು ತೆಗೆ. ಯಾಕೆ ಅಂತ ಆಗ ಕೇಳಬೇಡ. ಕೆಂಡ ಸಿದ್ಧವಿರುತ್ತದೆ, ಆಮೇಲೆ ಕೇಳು.

ಶನಿವಾರದ ತನಕ ನಿನ್ನ ಗಾಳಕ್ಕೆ ಕೊಬ್ಬಿದ ಮೀನು ಸಿಗುತ್ತಿರಲಿ, ನಿನ್ನ ಮಂಡಿನೋವು ಕಡಿಮೆಯಿರಲಿ. ಉತ್ತರವಾಗಿ ಹೆಬ್ಬೆರಳು ಕಳಿಸಿದರೂ ಈ ಸಲ ಬೇಜಾರಿಲ್ಲ.

ಇಷ್ಟು ವರ್ಷ ನಿನ್ನ ಎಡಗಡೆ ಕೂತವನು, ಈ ಭಾನುವಾರ ನಿನ್ನ ಬಲಗಡೆ ಕೂರುವವನು,
ನಿನ್ನ ಕಡ್ಡಿ,
ಅಮಾದೇವೊ